ಅಕ್ಕನ ಹೆಸರಿನ ವೀಸಾ

ಕೃಷ್ಣರಾಜನಗರದ ತಾಲ್ಲೂಕು ಕಚೇರಿಯ ಎದುರು ಇಪ್ಪತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವಳು ನಾನು, ನೀಲಾಂಬಿಕೆ. ಬೆಳಿಗ್ಗೆ ಹುಡುಗಿಯರಿಗೆ ಪಾಠ, ಮಧ್ಯಾಹ್ನ ಊರವರ ಅರ್ಜಿ. ಖಾತೆ ಬದಲಾವಣೆ, ವಿಧವಾ ವೇತನ, ಪಾಸ್‌ಪೋರ್ಟು, ಯಾವುದೇ ಇರಲಿ, ಟೀಚರಮ್ಮ ಬರೆದುಕೊಟ್ಟರೆ ವಾಪಸು ಬರಲ್ಲ ಎಂಬ ಹೆಸರಿತ್ತು. ಆ ಕೊಬ್ಬು ನನಗೂ ಇತ್ತು, ಸುಳ್ಳೇಕೆ ಹೇಳಲಿ?

2003ರ ಬೇಸಿಗೆಯಲ್ಲಿ ಒಂದು ದಿನ ಜೋಯಾ ಬಂದಳು, ಹಿಂದೆಯೇ ಅವಳ ಅಕ್ಕ ಆಮಿನಾಬಿ. ಬೀಗ ರಿಪೇರಿ ಗೌಸ್ ಸಾಹೇಬರ ಮಕ್ಕಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಆಮಿನಾಬಿಯೇ ಟೈಲರ್ ಅಂಗಡಿಗಳಿಗೆ ಕಾಜಾ ಹೊಲಿದುಕೊಟ್ಟು ತಂಗಿಯನ್ನು ಸಾಕಿದ್ದಳು. ಅಕ್ಕನಿಗೆ ಮೂವತ್ತನಾಲ್ಕು, ತಂಗಿಗೆ ಇಪ್ಪತ್ತೆರಡು. ಜೋಯಾ ನನ್ನಲ್ಲೇ ಟೈಪಿಂಗ್ ಕಲಿತವಳು. ಮಷೀನಿನ ಮುಂದೆ ಕೂತರೆ ಕೈಗಿಂತ ಬಾಯಿ ಜೋರು.

"ಟೀಚರಮ್ಮ, ಗಲ್ಫ್‌ಗೆ ಹೋಗ್ತೀನಿ, ಮನೆಕೆಲಸಕ್ಕೆ. ಎರಡೇ ವರ್ಷ. ಅಕ್ಕನ ಕಣ್ಣು ಮಂಜಾಗ್ತಾ ಅದೆ, ಇನ್ನು ಸೂಜಿ ಹಿಡೀಬಾರ್ದು ಅವಳು" ಎಂದಳು.

ಅವರ ಜೊತೆ ಮಿರ್ಲೆಯ ಚಲುವರಾಜು ಬಂದಿದ್ದ. ನಾಲ್ಕು ವರ್ಷ ಅಲ್ಲಿ ಡ್ರೈವರ್ ಆಗಿದ್ದು ಬಂದವನು, ಈಗ ಜನ ಕಳಿಸುವ ಏಜೆಂಟ್. "ವಿಸಿಟ್ ವೀಸಾದಲ್ಲಿ ಅತ್ತುಸ್ಬುಡ್ತೀನಿ ಮೇಡಮ್ಮೋರೆ. ಅದಿನೈದು ದಿಸ ಸಾಕು. ಓದ್ಮೇಲೆ ಅಲ್ಲೇ ಬದ್ಲಾಯಿಸ್ಕಬೋದು" ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಥೂ ನಿನ್ನ! ವಿಸಿಟ್ ವೀಸಾ ಅಂದ್ರೆ ನೆಂಟರ ಮನೆಗೆ ಹೋಗಿ ಬರೋದು ಕಣಯ್ಯ. ಅದ್ರಲ್ಲಿ ಹೋಗಿ ಪಾತ್ರೆ ಉಜ್ಜಿದ್ರೆ, ನಾಳೆ ಯಜಮಾನಿ ಕೈ ಮುರಿದ್ರೂ ಕೇಳೋರಿಲ್ಲ. ಮನೆಕೆಲಸದ ವೀಸಾನೇ ಮಾಡ್ಸು. ಕರಾರುಪತ್ರ ಇರುತ್ತೆ, ಅಲ್ಲಿರೋ ನಮ್ಮ ದೇಶದ ರಾಯಭಾರ ಕಚೇರಿಲಿ ಹೆಸರು ಇರುತ್ತೆ. ಕಷ್ಟ ಬಂದ್ರೆ ಹೋಗಿ ಬಾಗಿಲು ತಟ್ಟಬಹುದು."

"ಅದ್ಕೆ ಮೂವತ್ ವರ್ಸ ತುಂಬಿರ್ಬೇಕು ಕಣ್ರವ್ವ. ಈ ಮಗೀಗೆ ಎಲ್ಲಾಯ್ತು?"

ನಮ್ಮ ಕಡೆ ಕಾರ್ಡು ಕೊಡುವುದೆಂದರೆ ಒಂದು ಲೋಟ ಸಕ್ಕರೆ ಕೊಟ್ಟಷ್ಟು ಸಲೀಸು. ಒಬ್ಬರ ರೇಷನ್ ಕಾರ್ಡಿನಲ್ಲಿ ಇನ್ನೊಬ್ಬರು ಸೀಮೆಎಣ್ಣೆ ತರುತ್ತಾರೆ. ಓರಗಿತ್ತಿಯ ಹೆಸರಿನಲ್ಲಿ ಆಸ್ಪತ್ರೆ ಚೀಟಿ ಬರೆಸುತ್ತಾರೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಉಪಕಾರ ಎನ್ನುತ್ತಾರೆ. ಅದಕ್ಕೇ ಆಮಿನಾಬಿ ಒಂದು ಗಳಿಗೆಯೂ ಯೋಚಿಸದೆ, "ನನ್ನ ಕಾರ್ಡ್ ಅದೆಯಲ್ಲ ಟೀಚರಮ್ಮ, ನನಗೆ ಮೂವತ್ತು ದಾಟ್ಯದೆ. ನನ್ನ ಹೆಸರಲ್ಲೇ ಹೋಗ್ಲಿ" ಎಂದಳು.

ಆಗ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಸರಿಯಾದ ವೀಸಾ ಆರಿಸಿಕೊಟ್ಟೆನಲ್ಲ ಎಂಬ ಗರ್ವ. ಹೆಸರು ಆಮಿನಾಬಿ, ತಂದೆಯ ಹೆಸರು ಗೌಸ್, ವಯಸ್ಸು ಮೂವತ್ತನಾಲ್ಕು ಎಂದು ಪಾಸ್‌ಪೋರ್ಟ್ ಅರ್ಜಿಯಲ್ಲಿ ನಾನೇ ಟೈಪು ಮಾಡಿ, ಮೇಲೆ ಜೋಯಾಳ ಫೋಟೋ ಅಂಟಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಪಾಸ್‌ಪೋರ್ಟಿನ ವಿಚಾರಣೆಗೆ ಪೇದೆ ವೀರಭದ್ರಸ್ವಾಮಿ ಅವರ ಮನೆಗೆ ಬಂದಾಗ ಧೈರ್ಯಕ್ಕೆಂದು ನಾನೂ ಹೋಗಿದ್ದೆ.

"ಇಲ್ಲಿ ಆಮಿನಾಬಿ ಯಾರಮ್ಮ?"

ಅಕ್ಕನ ಸೀರೆ ಉಟ್ಟಿದ್ದ ಜೋಯಾ "ನಾನೇ ಸಾರ್" ಎಂದಳು.

"ಮತ್ತೆ ಈಯಮ್ಮ?"

ಆಮಿನಾಬಿ ತಲೆ ತಗ್ಗಿಸಿ, "ತಂಗಿ ಸಾರ್. ಜೋಯಾ" ಎಂದಳು.

ಅವನು ಅವಳ ಕಿವಿಯ ಪಕ್ಕದ ನರೆಗೂದಲನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೀ ಕುಡಿದು, ಬರೆದುಕೊಂಡು ಹೋದ. ಅವನು ತಿರುವು ದಾಟುವುದೇ ತಡ, ಜೋಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಾರೇ ನನ್ನ ಪುಟ್ಟ ತಂಗಿ!" ಎಂದು ಅಕ್ಕನ ಕೆನ್ನೆ ಹಿಂಡಿದಳು. ನಾನೂ ನಕ್ಕೆ. ಆಮಿನಾಬಿ ನಗಲಿಲ್ಲ.

"ನಾನು ಬದುಕಿರುವಾಗ್ಲೇ ನನ್ನ ಹೆಸರು ಮನೆ ಬಿಟ್ಟು ಹೋದಂಗಾಯ್ತು ಟೀಚರಮ್ಮ."

"ಬಿಡ್ತು ಅನ್ನು! ಒಳ್ಳೆ ಕೆಲಸಕ್ಕೆ ಹೊರಟಾಗ ಅಪಶಕುನ ನುಡೀಬೇಡ" ಎಂದು ಗದರಿದೆ.

ಆಷಾಢದಲ್ಲಿ ಜೋಯಾ ಹೊರಟಳು. ಶುಕ್ರವಾರದ ಸಂಜೆ ನನ್ನ ಶಾಲೆಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಬರುತ್ತಿತ್ತು. ಮೊದಮೊದಲು ಮನೆಯಲ್ಲಿ ಏಳು ಬಚ್ಚಲು ಅವೆ, ಎಲ್ಲಾ ನಾನೇ ತೊಳೀಬೇಕು ಎಂದು ನಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಮಾತು ಮೊಟಕಾಯಿತು. "ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ ಟೀಚರಮ್ಮ. ಬೀಗದ ಸಾಹೇಬರ ಮಗಳಿಗೇ ಬೀಗ ನೋಡಿ" ಎಂದಳು. ಆ ಸಲವೂ ನಕ್ಕಳು, ಆದರೆ ಆ ನಗು ನನಗೆ ಹಿಡಿಸಲಿಲ್ಲ. ಆಮೇಲೆ ಆರು ವಾರ ಫೋನಿಲ್ಲ. ಚಲುವರಾಜುವನ್ನು ಕೇಳಿದರೆ, "ಅಲ್ಲಿ ಕೆಲ್ಸ ಜಾಸ್ತಿ ಕಣ್ರವ್ವ, ತಲೆ ಕೆಡುಸ್ಕಬ್ಯಾಡಿ" ಎಂದು ಸ್ಕೂಟರ್ ಹತ್ತಿದ. ಮುಂದಿನ ವಾರ ಅವನೂ ಮಿರ್ಲೆಯಲ್ಲಿ ಇರಲಿಲ್ಲ.

ಜನವರಿಯಲ್ಲಿ ಮತ್ತೆ ಫೋನು ಬಂತು. ಅಲ್ಲಿ ಪಕ್ಕದ ಮನೆಯಲ್ಲಿದ್ದ ಕೇರಳದ ಹೆಂಗಸು ಜೋಯಾಗೆ ಕದ್ದುಮುಚ್ಚಿ ಕೊಟ್ಟ ಫೋನು. ಆಮಿನಾಬಿ ಕಿವಿಗಿಟ್ಟುಕೊಂಡವಳು "ಯಾ ಅಲ್ಲಾ" ಎಂದು ಬೂತಿನಲ್ಲೇ ಕುಸಿದಳು. ನಾನು ರಿಸೀವರ್ ಕಸಿದುಕೊಂಡೆ.

"ಯಜಮಾನನ ತಮ್ಮ ಬಂದವ್ನೆ ಟೀಚರಮ್ಮ. ಬಾಗಿಲಿಗೆ ಅಕ್ಕಿ ಮೂಟೆ ಅಡ್ಡ ಇಟ್ಕೊಂಡು ಮಲಗ್ತಿದೀನಿ. ನಾಳೆ ಕಸ ಹಾಕಕ್ಕೆ ಬಿಟ್ಟಾಗ ಓಡೋಗ್ತೀನಿ. ಪಾಸ್‌ಪೋರ್ಟ್ ಅವರ ಹತ್ರನೇ ಅದೆ. ಕಚೇರಿಲಿ ಏನಂತ ಹೇಳ್ಲಿ?"

ಈ ಪ್ರಶ್ನೆಗೆ ನಾನು ಯೋಚಿಸಿ ಉತ್ತರ ಕೊಡಬೇಕಿತ್ತು. "ಹೆದರಬೇಡ ಕಣೆ. ನಿಜ ಹೇಳು. ನಿನ್ನ ನಿಜವಾದ ಹೆಸರು ಹೇಳು. ನಿಜ ಹೇಳಿದೋರನ್ನ ಯಾರೂ ಕೈಬಿಡಲ್ಲ" ಎಂದುಬಿಟ್ಟೆ. ಅವಳು "ಹೂಂ" ಎಂದಳು. ಫೋನು ಕಟ್ಟಾಯಿತು.

ಮಾರನೆಯ ದಿನ ಮೈಸೂರಿಗೆ ಹೋಗಿ ಆ ಕಚೇರಿಗೆ ಫ್ಯಾಕ್ಸ್ ಕಳಿಸಿದೆ. ಬರೆಯಲು ಕೂತಾಗ ಮೊದಲು ನನ್ನದೇ ಯೋಚನೆ ಬಂತು. ನಿಜ ಬರೆದರೆ ಸುಳ್ಳು ಅರ್ಜಿ ಬರೆದವಳೆಂದು ಪೊಲೀಸರು ನನ್ನ ಬಾಗಿಲಿಗೇ ಬರುತ್ತಾರೆ, ಇಪ್ಪತ್ತು ವರ್ಷದ ಮಾನ ಬೀದಿಪಾಲು. ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆದೆ. ಕೃಷ್ಣರಾಜನಗರದ ಆಮಿನಾಬಿ, ಮೂವತ್ತನಾಲ್ಕು ವರ್ಷ, ಸಂಕಟದಲ್ಲಿದ್ದಾಳೆ, ಬಂದರೆ ಆಶ್ರಯ ಕೊಡಿ. ಹುಡುಗಿಗೆ ನಿಜ ಹೇಳು ಎಂದವಳು ನಾನು ಸುಳ್ಳು ಬರೆದೆ.

ಇಪ್ಪತ್ತಮೂರು ದಿನದ ಮೇಲೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ಆಮಿನಾಬಿಗೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳತೊಡಗಿದೆ.

"ತಾವು ತಿಳಿಸಿದ ಆಮಿನಾಬಿ ಎಂಬುವರು ನಮ್ಮ ಕಚೇರಿಗೆ ಬಂದಿಲ್ಲ. ಅವರ ಮಾಲೀಕರನ್ನು ವಿಚಾರಿಸಲಾಗಿ, ಆಮಿನಾಬಿ ಅವರ ಮನೆಯಲ್ಲಿ ಕ್ಷೇಮವಾಗಿದ್ದಾರೆಂದು ತಿಳಿಸಿದ್ದಾರೆ."

"ಯಾರು ಕ್ಷೇಮ? ನಾನಾ?" ಎಂದಳು ಆಮಿನಾಬಿ.

ಕೆಳಗೆ ಇನ್ನೂ ನಾಲ್ಕು ಸಾಲು ಇತ್ತು. ಓದಿಕೊಂಡೆ.

"ಏನು ಬರ್ದವ್ರೆ? ಹೇಳ್ರಿ ಟೀಚರಮ್ಮ."

"ತಮ್ಮ ಪತ್ರ ಬಂದ ದಿನವೇ ತಮ್ಮ ಊರಿನ ಹೆಸರು ಹೇಳಿಕೊಂಡು ಬೇರೊಬ್ಬ ಯುವತಿ ಬಂದಿದ್ದಳು. ಬರಿಗಾಲಿನಲ್ಲಿದ್ದಳು. ತನ್ನ ಹೆಸರು ಜೋಯಾ ಎಂದಳು. ಆ ಹೆಸರಿನವರು ಈ ದೇಶಕ್ಕೆ ಬಂದ ದಾಖಲೆಯೇ ಇಲ್ಲದ ಕಾರಣ ಅವಳನ್ನು ಒಳಗೆ ಬಿಟ್ಟುಕೊಳ್ಳಲಾಗಲಿಲ್ಲ. ಹೊರಗೆ ಕಾರಿನಲ್ಲಿ ಹುಡುಕಿಕೊಂಡು ಬಂದವರ ಜೊತೆ ಹೋದಳೆಂದು ಕಾವಲುಗಾರರು ತಿಳಿಸಿದ್ದಾರೆ."

ಆಮಿನಾಬಿ ಆ ಸಾಲುಗಳ ಮೇಲೆ ಬೆರಳಿಟ್ಟಳು. ಒಳಗೆ ಹುಡುಗಿಯರು ಟೈಪು ಮಾಡುತ್ತಿದ್ದರು.

"ಹೆಸರು ಕೇಳಿದ್ರೆ ಆಮಿನಾಬಿ ಅನ್ನು ಅಂತ ನೂರು ಸಲ ಹೇಳ್ಕೊಟ್ಟು ಕಳ್ಸಿದ್ದೆ. ಆರು ತಿಂಗಳು ಹಂಗೇ ಅಂದ್ಕೊಂಡು ಇದ್ಳು. ಆ ಬಾಗ್ಲಲ್ಲಿ ಮಾತ್ರ ಯಾಕೆ ಜೋಯಾ ಅಂದ್ಳು?"

ನಾನು ಕಾಗದ ಮಡಿಸಿದೆ. ಮತ್ತೆ ಬಿಚ್ಚಿದೆ.

"ನಾನೇ ಹೇಳಿದ್ದು ಕಣಮ್ಮ" ಎಂದೆ.