ದಾವಲ್ ಬೀ ಇಟ್ಟ ಹೆಸರು

ಲಗ್ನಪತ್ರಿಕೆಯಲ್ಲಿ ನಾನು ಶ್ರೀಪ್ರಿಯಾ. ಮನೆಯಲ್ಲಿ, ಅದೂ ನನಗೆ ಜ್ವರ ಬಂದಾಗ ಮಾತ್ರ, ಅಮ್ಮ "ದಾವಲೂ" ಅಂತ ಕರೆಯುತ್ತಾಳೆ. ಮಾನ್ವಿಯ ಆಚಾರರ ಓಣಿಯಲ್ಲಿ ಈ ಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ, "ಸುಮ್ನ ಇರು" ಅನ್ನುವುದೇ ಉತ್ತರ.

ಮದುವೆಗೆ ಎಂಟು ದಿನ ಇರುವಾಗ ಅಮ್ಮ ತಾನಾಗಿಯೇ ಬಾಯಿ ಬಿಟ್ಟಳು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಅದಕ್ಕೇ ನನ್ನನ್ನು ಮೊರದಲ್ಲಿ ಮಲಗಿಸಿ, ಓಣಿಗೆ ಬಳೆ ತರುತ್ತಿದ್ದ ದಾವಲ್ ಬೀಗೆ ಒಂದು ಹಿಡಿ ತೌಡಿಗೆ ಮಾರಿದರಂತೆ. ಬೇರೆಯವರ ಕೂಸೆಂದು ಯಮ ಏಮಾರಲಿ ಅಂತ. ಕೊಂಡವರೇ ಹೆಸರಿಡಬೇಕು. ದರ್ಗಾದ ದಾವಲ್ ಮಲಿಕರಿಗೆ ಹೊತ್ತ ಹರಕೆಯಿಂದ ತಾನು ಬದುಕಿದವಳಾದ್ದರಿಂದ, ಆಕೆ ತನ್ನ ಹೆಸರನ್ನೇ ನನ್ನ ಕಿವಿಯಲ್ಲಿ ಹೇಳಿದಳು. ವರ್ಷ ತುಂಬಿದ ಮೇಲೆ ತೌಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಅಷ್ಟರಲ್ಲಿ ಆಕೆಯ ಸಂಸಾರ ದೇವದುರ್ಗಕ್ಕೆ ಹೋಯಿತು, ನಮ್ಮವರು ಮರೆತರು.

"ಮಾರಿದ ಮಗಳನ್ನ ಧಾರಿ ಎರೀಲಿಕ್ಕೆ ನಮಗೆಲ್ಲಿ ಹಕ್ಕದ?" ಅಂದಳು ಅಮ್ಮ. ನನಗೆ ಸಿಟ್ಟು ಬಂತು. ಇಪ್ಪತ್ತಾರು ವರ್ಷ ಇಲ್ಲದ ಹಕ್ಕಿನ ಚಿಂತೆ ಈಗ! ಆದರೂ ತೌಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳ ಜೊತೆ ಬಸ್ಸಿನಲ್ಲಿ ಕೂತೆ.

ದೇವದುರ್ಗದಲ್ಲಿ ಬಾಗಿಲು ತೆರೆದ ಸೊಸೆ ಗುಲ್ಫಶಾ, ನಮ್ಮ ಊರು ಕೇಳಿದ್ದೇ ತಡ, ಒಳಗೆ ಓಡಿದಳು: "ಅಮ್ಮೀ, ಮಾನ್ವಿಯಿಂದ ನಿಮ್ಮ ಮಗಳು ಬಂದಾಳ!"

ಹಲ್ಲುದುರಿದ ದಾವಲ್ ಬೀ ನನ್ನ ಕೆನ್ನೆ ಸವರಿದ್ದೇ ಸವರಿದ್ದು. ಆಕೆಗೆ ನಾಲ್ವರು ಗಂಡುಮಕ್ಕಳು. ಯಾರು ಕೇಳಿದರೂ ಮಕ್ಕಳು ಐದು ಅನ್ನುತ್ತಾಳೆ ಎಂದು ಗುಲ್ಫಶಾ ನಕ್ಕಳು.

ಅಮ್ಮ ಬಂದ ಕಾರಣ ಹೇಳಿದಳು. ಕೆನ್ನೆಯ ಮೇಲಿನ ಕೈ ನಿಂತಿತು.

"ಬರೋಬ್ಬರಿ ಅದ, ಬಾಯಾರ. ಹಡೆದಾಕಿ ನೀವು, ನೀವ ಎರೀಬೇಕು," ಎಂದು ಮುದುಕಿ ಸೆರಗೊಡ್ಡಿದಳು. ಇನ್ನೊಂದು ಕೈ ನನ್ನ ಕೆನ್ನೆಯ ಮೇಲೇ ಇತ್ತು.

ನಮ್ಮಮ್ಮ ಹೊರಗೆ ಹನಿ ನೀರೂ ಮುಟ್ಟದ ಹೆಂಗಸು. ಚೀಲದ ಬಾಯಿ ಬಿಚ್ಚಿದಳು. ಆ ಸೆರಗನ್ನು ನೋಡಿದಳು. ಎದ್ದು ಹೋಗಿ ಅಷ್ಟೂ ತೌಡನ್ನು ಅಂಗಳದ ಆಡಿನ ಮುಂದೆ ಸುರಿದಳು.

"ಧಾರಿ ದಿನ ನೀನೂ ಬಾ," ಎಂದಳು. "ಗಿಂಡಿಗೆ ನನ್ನ ಕೈ ಜೋಡಿ ನಿನ್ನ ಕೈನೂ ಇರಬೇಕು. ಇಲ್ಲಂದ್ರ ನಾ ಎರಿಯೂದಿಲ್ಲ."