ನಡೆದರೆ ನಿಲ್ಲುವ ವಾಕ್‌ಮನ್

ಮೇಜಿನ ಮೇಲೆ ಇಟ್ಟರೆ ಹಾಡುತ್ತಿತ್ತು. ಕೈಯಲ್ಲಿ ಹಿಡಿದು ಕೂತರೂ ಹಾಡುತ್ತಿತ್ತು. ಸ್ವೆಟರಿನೊಳಗೆ ಹಾಕಿಕೊಂಡು ಏರುರಸ್ತೆಯಲ್ಲಿ ಬಿರಬಿರನೆ ನಡೆಯತೊಡಗಿದರೆ ಮಾತ್ರ ಐದೇ ನಿಮಿಷಕ್ಕೆ ಟಕ್ ಎಂದು ನಿಂತುಬಿಡುತ್ತಿತ್ತು. ನಡೆಯುವವರಿಗಾಗಿಯೇ ಮಾಡಿದ ಸಾಮಾನು ನಡೆಯುವಾಗಲೇ ಕೈಕೊಟ್ಟರೆ ಯಾರಿಗಾದರೂ ಸಿಟ್ಟು ಬರಬೇಕು. ನನಗೆ ಬರಲಿಲ್ಲ. ಆಗ ನನಗೆ ಯಾವುದರ ಮೇಲೂ ಏನೂ ಬರುತ್ತಿರಲಿಲ್ಲ.

ಇದು ಎರಡು ಸಾವಿರದ ಒಂದನೇ ಇಸವಿಯ ಮಾತು. ನನ್ನ ಗಂಡ ಗಂಗಾಧರ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಕ್ಕಳಿಲ್ಲ. ಸೋಲೂರಿನ ಹತ್ತಿರದ ನಮ್ಮ ಹಟ್ಟಿಯ ಮನೆಯಲ್ಲಿ ನಾನು, ನನ್ನ ಅತ್ತೆ ಲಿಂಗಿ, ಇಬ್ಬರೇ. ನಾನು ದಿನಾ ಬಸ್ಸಿನಲ್ಲಿ ಊಟಿಗೆ ಹೋಗಿ ಕಚೇರಿಯಲ್ಲಿ ಟೈಪು ಮಾಡಿ ಬರುತ್ತಿದ್ದೆ. ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ನಲವತ್ತು ನಿಮಿಷ ಬೆವರು ಬರುವ ಹಾಗೆ ನಡೆಯಿರಿ ಎಂದರು ಡಾಕ್ಟರು. ಅವರು ಕೆಳಗಿನ ಸೀಮೆಯವರು. ನಮ್ಮ ಬೆಟ್ಟದ ಚಳಿಯಲ್ಲಿ ಬೆವರು ಬರಿಸುವುದು ಎಂಥ ಕೆಲಸ ಎಂದು ಅವರಿಗೆ ಗೊತ್ತಿರಲಿಲ್ಲ.

ಬೆವರಿಗಿಂತ ಕಷ್ಟ ನಮ್ಮ ಜನ. ಬೆನ್ನ ಮೇಲೆ ಟೀ ಎಲೆಯ ಚೀಲವಿಲ್ಲದೆ, ಬಸ್ಸಿನ ಹೊತ್ತೂ ಅಲ್ಲದೆ ಹೆಂಗಸೊಬ್ಬಳು ರಸ್ತೆಯಲ್ಲಿ ಹೀಗೆ ಹೋಗುತ್ತಿದ್ದಾಳೆ ಎಂದರೆ ಯಾರಿಗೋ ಏನೋ ಆಗಿದೆ ಎಂದೇ ಅವರ ಲೆಕ್ಕ. ಪಕ್ಕದ ಮನೆಯ ರಂಗಿ ತೋಟದಿಂದಲೇ ಕೂಗುತ್ತಿದ್ದಳು: "ಮಾತಿ, ಎಲ್ಲಿಗ ಹೋಪೆ? ಯಾರಿಗ ಏನಾತು?" ಯಾರಿಗೂ ಏನೂ ಆಗಿಲ್ಲ ಎಂದರೆ ಅವಳಿಗೆ ಸಮಾಧಾನವಿಲ್ಲ. ಗಂಗಾಧರನ ನೆನಪು ತೆಗೆದು, ಕಣ್ಣೊರೆಸಿಕೊಂಡು, ನಾನೂ ಒರೆಸಿಕೊಳ್ಳಲಿ ಎಂದು ಕಾಯುವಳು. ನನ್ನ ಕಣ್ಣಲ್ಲಿ ಒರೆಸಲು ಏನೂ ಇರಲಿಲ್ಲ. ಅದಕ್ಕೇ ವಾಕ್‌ಮನ್ ಕೊಂಡೆ. ಕಿವಿಯಲ್ಲಿ ಅದೊಂದು ಸಿಕ್ಕಿಸಿಕೊಂಡರೆ ಕೈ ಬೀಸಿ ಮುಂದೆ ಹೋಗಬಹುದು. ಯಾವ ಹಾಡು ಬರುತ್ತಿತ್ತು ಎಂದು ಇವತ್ತು ಕೇಳಿದರೆ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನಾವು ಲಿಂಗ ಕಟ್ಟುವವರು. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟು ಕೊರಳಿಗೆ ಕಟ್ಟಿಕೊಂಡರೆ ಸಾಯುವ ತನಕ ತೆಗೆಯುವಂತಿಲ್ಲ. ಸತ್ತ ಮೇಲೆ ಅದೇ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಗಂಗಾಧರನ ಉಸಿರು ನಿಂತ ಮೇಲೆ, ನರ್ಸಮ್ಮ ಕಾಗದ ತರಲು ಹೋಗಿದ್ದಾಗ, ನಾನು ಅವನ ಕೊರಳಿನ ಕರಡಿಗೆಯನ್ನು ಬಿಚ್ಚಿ ನನ್ನ ಕೊರಳಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡಿ. ಹಟ್ಟಿಗೆ ತಂದು ಮಲಗಿಸಿದಾಗ ಅಯ್ಯನವರು "ಲಿಂಗ ಎಲ್ಲಿ?" ಎಂದರು. "ಆಸ್ಪತ್ರೆಯಲ್ಲಿ ಕಳೆದುಹೋಯಿತು" ಎಂದಿತು ನನ್ನ ಬಾಯಿ. ಅವರು ಹೊಸದೊಂದು ಲಿಂಗ ತರಿಸಿ ಅವನ ಅಂಗೈಯಲ್ಲಿಟ್ಟರು. ಕೆಲಸ ಮುಗಿಯಿತು.

ಅತ್ತೆಗೆ ಮುಗಿಯಲಿಲ್ಲ. ಜೀವ ಇರುವಾಗಲೇ ಲಿಂಗ ಕಳೆದುಕೊಂಡವನಿಗೆ ಐಕ್ಯವಿಲ್ಲ ಎಂದು ಅವರ ನಂಬಿಕೆ. "ಹೊಸ ಲಿಂಗಕ್ಕೆ ಎನ್ನ ಮಗನ ಗುರುತು ಇದ್ದೀತಾ? ಅವ ಹುಡುಕ್ತಾ ಇದ್ದಾನೆ" ಎನ್ನುತ್ತಿದ್ದರು. ಅದು ಸಿಗುವ ತನಕ ಒಪ್ಪೊತ್ತು ಎಂದು ಹಿಡಿದುಬಿಟ್ಟರು. ದಿನಕ್ಕೆ ಒಂದೇ ಊಟ, ಮಧ್ಯಾಹ್ನ. ಎಪ್ಪತ್ತು ದಾಟಿದ ಜೀವ. ಎಂಟು ತಿಂಗಳಲ್ಲಿ ರವಿಕೆ ಹೆಗಲಿನಿಂದ ಜಾರುವಷ್ಟು ಇಳಿದರು. ಪ್ರತಿ ಸಂಜೆ ಬಸ್ಸಿಳಿದು ಬಂದ ಕೂಡಲೇ "ಆಸ್ಪತ್ರೆಯಿಂದ ಏನಾದರೂ ಸುದ್ದಿ?" ಎಂದು ಕೇಳುವರು. "ಇಲ್ಲ ಮಾಮಿ" ಎಂದು ನಾನು ನನ್ನ ತಟ್ಟೆಗೆ ಬಡಿಸಿಕೊಂಡು ಉಣ್ಣುವೆ. ಅವರು ಎದುರಿಗೆ ಕೂತು ನೋಡುವರು. ಅವರ ಮಗನ ಲಿಂಗ ನನ್ನ ಸೆರಗಿನ ಒಳಗೆ ನೇತಾಡುತ್ತಿತ್ತು. ತೆಗೆದುಕೊಟ್ಟರೆ ಅವರು ಉಣ್ಣುತ್ತಾರೆ, ಆದರೆ ನನ್ನ ಹತ್ತಿರ ಅವನದು ಏನೂ ಉಳಿಯುವುದಿಲ್ಲ. ಇದು ಪಾಪ ಎಂದು ತಲೆಗೆ ಗೊತ್ತಿತ್ತು. ಎದೆಗೆ ಏನೂ ತಟ್ಟುತ್ತಿರಲಿಲ್ಲ.

ಸರಿ, ವಾಕ್‌ಮನ್ ರಿಪೇರಿಯ ಕಥೆಗೆ ಬರುತ್ತೇನೆ. ಮೊದಲು ಬ್ಯಾಟರಿ ಇರಬೇಕು ಎಂದುಕೊಂಡೆ. ನಮ್ಮ ಚಳಿಗೆ ಬ್ಯಾಟರಿಯೂ ಮರಗಟ್ಟುತ್ತದೆ. ಹೊಸ ಬ್ಯಾಟರಿ ಹಾಕಿದೆ, ಒಲೆಯ ಪಕ್ಕ ಬೆಚ್ಚಗೆ ಇಟ್ಟು ಹಾಕಿದೆ. ಐದು ನಿಮಿಷಕ್ಕೆ ಟಕ್. ಕ್ಯಾಸೆಟ್ಟಿನ ಸುರುಳಿ ಸಡಿಲವಾಗಿದೆಯೇನೋ ಎಂದು ಪೆನ್ಸಿಲ್ ತೂರಿಸಿ ಬಿಗಿಮಾಡಿದೆ. ಬೇರೆ ಕ್ಯಾಸೆಟ್ ಹಾಕಿದೆ. ಅದೂ ಟಕ್. ಕಡೆಗೆ ಊಟಿಯ ಬಸ್ ನಿಲ್ದಾಣದ ಮೇಲ್ಗಡೆ, ಮೆಟ್ಟಿಲುದಾರಿಯ ಬುಡದಲ್ಲಿದ್ದ ಸರವಣನ ಅಂಗಡಿಗೆ ಹೋದೆ. ರೇಡಿಯೋ, ಟೇಪ್‌ರೆಕಾರ್ಡರ್, ಗೋಡೆ ಗಡಿಯಾರ ಎಲ್ಲ ಬಿಚ್ಚಿ ಹರಡಿಕೊಂಡು ಕೂರುವ ಮನುಷ್ಯ. ಮಾತು ಬರೀ ತಮಿಳಿನಲ್ಲಿ, ಅದೂ ಬೇಕಾದ್ದಕ್ಕಿಂತ ಹೆಚ್ಚು.

"ಬೆಲ್ಟು ಹಳೆಯದಾಗಿದೆ ಅಕ್ಕಾ" ಎಂದು ಒಳಗಿನ ರಬ್ಬರ್ ಬೆಲ್ಟು ಬದಲಿಸಿದ. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಿದ. ಆಮೇಲೆ ವಾಕ್‌ಮನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನಿಂತಲ್ಲೇ ಕುಣಿದ. ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹತ್ತಿರ ನಿಂತಿತು.

ಎರಡನೇ ಸಲ ಬ್ಯಾಟರಿಯ ಸ್ಪ್ರಿಂಗ್ ಎಳೆದು ಬಿಗಿಮಾಡಿ, ಸಂದಿಗೆ ಕಾಗದ ಮಡಚಿ ತುರುಕಿದ. ಬಸ್ ನಿಲ್ದಾಣದ ತನಕ ತಾನೇ ಓಡಿಹೋಗಿ, ಓಡಿಬಂದು, ಏದುಸಿರು ಬಿಡುತ್ತಾ, "ಅಕ್ಕಾ, ಪೂರ್ತಿ ಎರಡು ಹಾಡು ಕೇಳಿದೆ. ಇದಕ್ಕೆ ಏನೂ ಆಗಿಲ್ಲ" ಎಂದ. ಮರುದಿನ ಮತ್ತೆ ನಿಂತಿತು. ರಂಗಿ ಕಾದಿದ್ದವಳಂತೆ ಬೇಲಿಯ ಹತ್ತಿರ ಬಂದಳು.

ಮೂರನೇ ಸಲ ಹೋದಾಗ ಸರವಣನಿಗೆ ತಲೆ ಕೆಟ್ಟಿತು. ತನ್ನ ಕೆಲಸದ ಮಾನ ಹೋಗುತ್ತಿದೆ ಎನ್ನುವ ಹಾಗೆ ಮುಖ ಮಾಡಿಕೊಂಡ. "ನಾನು ಓಡಿದರೆ ಓಡುತ್ತದೆ, ನೀವು ನಡೆದರೆ ನಿಲ್ಲುತ್ತದೆ. ಹಾಗಾದರೆ ತೊಂದರೆ ಇದರಲ್ಲಿಲ್ಲ ಅಕ್ಕಾ, ನಿಮ್ಮಲ್ಲಿದೆ. ದಿನಾ ಹೇಗೆ ಹಾಕಿಕೊಳ್ಳುತ್ತೀರೋ ಹಾಗೇ ಹಾಕಿಕೊಂಡು ಈ ಮೆಟ್ಟಿಲು ಹತ್ತಿ, ನೋಡೋಣ."

ಸೀರೆಗೆ ಜೇಬಿಲ್ಲವಲ್ಲ, ಅದಕ್ಕೆ ಸ್ವೆಟರಿನ ಒಳಗಡೆ, ಎದೆಯ ಹತ್ತಿರ ನಾನೇ ಒಂದು ಜೇಬು ಹೊಲಿದುಕೊಂಡಿದ್ದೆ. ವಾಕ್‌ಮನ್ ಅದರಲ್ಲಿ ಹಾಕಿ ಮೆಟ್ಟಿಲು ಹತ್ತಿದೆ. ಅವನು ಪಕ್ಕದಲ್ಲೇ ಕಿವಿ ವಾಲಿಸಿಕೊಂಡು ಬಂದ. ನಲವತ್ತೋ ಐವತ್ತೋ ಮೆಟ್ಟಿಲಿಗೆ ಹಾಡು ನಿಂತಿತು.

"ಒಳಗೆ ಏನೋ ಬಡಿಯುತ್ತಿದೆ" ಎಂದ. "ಈ ಮಾದರಿಯಲ್ಲಿ ಗುಂಡಿಗಳು ಮೆತ್ತಗೆ, ಮುಟ್ಟಿದರೆ ಸಾಕು. ನೀವು ಗುಂಡಿ ಇರುವ ಮುಖ ಮೈಕಡೆ ಇಟ್ಟಿದ್ದೀರಿ. ಏನೋ ಗಟ್ಟಿ ವಸ್ತು ಬಂದು ನಿಲ್ಲಿಸುವ ಗುಂಡಿಗೆ ಹೊಡೆಯುತ್ತಿದೆ. ಕೊರಳಿಗೆ ಏನು ಹಾಕಿದ್ದೀರಿ?"

ನಾನು ಸ್ವೆಟರಿನೊಳಗೆ ಕೈ ಹಾಕಿ ತೆಗೆದೆ. ಗಿಡ್ಡ ದಾರದಲ್ಲಿ ನನ್ನದು. ಉದ್ದನೆಯ ದಾರದಲ್ಲಿ ಗಂಗಾಧರನದು. ಅದೇ ಜೋಲಾಡಿಕೊಂಡು ಹೋಗಿ ಹೊಡೆಯುತ್ತಿದ್ದದ್ದು. ಸರವಣನಿಗೆ ಖುಷಿಯೋ ಖುಷಿ. ಅಷ್ಟು ದಿನದ ಒಗಟು ಬಿಡಿಸಿದನಲ್ಲ.

"ಇಷ್ಟೇ! ತಿರುಗಿಸಿ ಇಟ್ಟುಕೊಂಡರೆ ಆಯಿತು" ಎಂದವನು ಮತ್ತೆ ನೋಡಿದ. "ನಿಮ್ಮವರು ಒಂದೇ ಅಲ್ಲವಾ ಅಕ್ಕಾ ಕಟ್ಟುವುದು? ಇನ್ನೊಂದು ಯಾರದು?"

"ಮನೆಯವರದು."

"ಅವರು ಯಾಕೆ ಬಿಚ್ಚಿಕೊಟ್ಟರು? ಅವರಿಗೆ ಬೇಡವಾ?"

ಅವನಿಗೆ ಗಂಗಾಧರ ಸತ್ತದ್ದು ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದು. "ಅವರಿಗೆ ಬೇಕಿಲ್ಲ" ಎಂದು ಹೇಳಿ ಮೆಟ್ಟಿಲಿಳಿದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕಿವಿಗೆ ಏನೂ ಹಾಕಿಕೊಳ್ಳಲಿಲ್ಲ. ನಾನು ಆಡಿದ ಮಾತೇ ಕಿವಿಯಲ್ಲಿತ್ತು. ಅವರಿಗೆ ಬೇಕಿಲ್ಲ. ಎಂಟು ತಿಂಗಳಿಂದ ಅದೇ ಮನೆಯಲ್ಲಿ ಒಬ್ಬ ಮುದುಕಿ, ಅವನಿಗೆ ಬೇಕು, ಅವನು ಹುಡುಕುತ್ತಿದ್ದಾನೆ ಎಂದು ಊಟ ಬಿಟ್ಟು ಕೂತಿದ್ದರು. ನಮ್ಮಿಬ್ಬರಲ್ಲಿ ಯಾರು ಸರಿ ಎಂದು ನನಗೆ ಗೊತ್ತಿಲ್ಲ. ಆದರೆ ಹಸಿದಿದ್ದವರು ಅವರು, ನಾನಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆ ಅಂಗಳದ ಬಿಸಿಲಲ್ಲಿ ಕೂತಿದ್ದರು. "ಸುದ್ದಿ ಏನಾದರೂ?" ಎಂದರು. ನಾನು ಒಳಗೆ ಬನ್ನಿ ಎಂದು ಕರೆದು, ಬಾಗಿಲು ಮುಂದೆ ಮಾಡಿ, ಕರಡಿಗೆಯನ್ನು ಬಿಚ್ಚಿ ಅವರ ಮಡಿಲಲ್ಲಿ ಇಟ್ಟೆ. "ಕಳೆದುಹೋಗಿರಲಿಲ್ಲ ಮಾಮಿ. ನಾನೇ ತೆಗೆದುಕೊಂಡಿದ್ದೆ."

ಅವರು ಅದನ್ನು ತೆರೆದು ನೋಡಿದರು. ಮುಚ್ಚಿದರು. ಆಮೇಲೆ ಎದ್ದು ನನ್ನ ಕೆನ್ನೆಗೆ ಒಂದು ಹೊಡೆದರು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಶಕ್ತಿ ಇತ್ತು ಎಂದು ಆಶ್ಚರ್ಯವಾಯಿತು. ಮತ್ತೆ ಕೂತರು. ಒಂದೇ ಮಾತು ಕೇಳಿದರು.

"ಉಸಿರು ಹೋಪಾಗ ಕೊರಳಲ್ಲಿ ಇದ್ದಿತಾ?"

"ಇತ್ತು ಮಾಮಿ. ನಿಂತ ಮೇಲೆಯೇ ತೆಗೆದದ್ದು."

"ನಿನ್ನಾಣೆ?"

"ನನ್ನಾಣೆ."

ಅವರ ಮುಖ ಸಡಿಲವಾಯಿತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಮಗ ಲಿಂಗ ಕಟ್ಟಿಕೊಂಡೇ ಸತ್ತ ಎನ್ನುವ ಒಂದು ಮಾತು. ಅದನ್ನು ನಾನು ಮೊದಲ ದಿನವೇ ಹೇಳಬಹುದಿತ್ತು.

ಹೊರಗೆ ರಂಗಿಯ ದನಿ ಕೇಳಿಸಿತು. ಅತ್ತೆ ಬಾಗಿಲು ತೆರೆದು ಜಗಲಿಗೆ ಹೋದರು. ಈಗ ನನ್ನ ಮಾನ ಹಟ್ಟಿಯ ತುಂಬಾ ಹರಾಜು ಎಂದುಕೊಂಡೆ. ಹಟ್ಟಿಗೇ ಕೇಳುವ ಹಾಗೆ ಅತ್ತೆ ಕೂಗಿದರು: "ರಂಗಿ, ಎನ್ನ ಮಗನ ಲಿಂಗ ಸಿಕ್ಕಿತು! ಆಸ್ಪತ್ರೆಯ ಕಪಾಟಿಲಿ ಇದ್ದಿತಂತೆ. ಮಾತಿ ಎಂಟು ತಿಂಗಳು ಅಲೆದು ಅಲೆದು ತಂದಾಳೆ." ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಎಂದೋ ಬಾಯಿಪಾಠ ಮಾಡಿದ್ದವರ ಹಾಗೆ ಹೇಳಿಬಿಟ್ಟರು. ಒಳಗೆ ನಿಂತಿದ್ದ ನನಗೆ ನಾಚಿಕೆಯಾಯಿತು. ಕಿವಿಯ ತನಕ ಬಿಸಿಯಾಗುವಂಥ ನಾಚಿಕೆ. ಎಂಟು ತಿಂಗಳಲ್ಲಿ ನನ್ನ ಎದೆಗೆ ಏನಾದರೂ ತಟ್ಟಿದ್ದು ಎಂದರೆ ಅದೇ ಮೊದಲು.

ಆ ಸಂಜೆ ಅತ್ತೆ ನನ್ನ ಜೊತೆ ಉಂಡರು. ಕರಡಿಗೆಯನ್ನು ಮಾತ್ರ ಕೊಡಲಿಲ್ಲ. "ಸೋಮವಾರ ಅವನ ಹತ್ತಿರ ಹೋಗಿ ಇಟ್ಟು ಬಪ್ಪೋ. ಅಯ್ಯನವರಿಗ ನಾನು ಹೇಳ್ತೇನೆ" ಎಂದರು.

ಸೋಮವಾರ ಬೆಳಿಗ್ಗೆ ಇಬ್ಬರೂ ಹೋದೆವು. ಸಮಾಧಿಯ ಮುಂದುಗಡೆ ಸಣ್ಣ ಗುದ್ದಲಿಯಲ್ಲಿ ಮೊಣಕೈಯಷ್ಟು ಆಳ ನಾನೇ ಅಗೆದೆ. ಅತ್ತೆ ವಿಭೂತಿ ಹಾಕಿ, ಬಿಲ್ವಪತ್ರೆ ಹಾಕಿ, ಕರಡಿಗೆಯನ್ನು ನನ್ನ ಕೈಯಲ್ಲಿಟ್ಟರು. "ನೀ ತೆಗೆದದ್ದು, ನೀನೇ ಇಡು."

ಮುಷ್ಟಿಯನ್ನು ಗುಂಡಿಯೊಳಗೆ ಇಳಿಸಿದೆ. ಬೆರಳು ಬಿಚ್ಚಲಿಲ್ಲ. ಬಿಚ್ಚು ಎಂದು ನಾನೇ ಹೇಳಿಕೊಂಡೆ. ಆಗಲಿಲ್ಲ. ಮಣ್ಣು ತಣ್ಣಗಿತ್ತು. ಅವನು ಈ ತಣ್ಣನೆಯ ಮಣ್ಣಿನಲ್ಲಿ ಕೂತಿದ್ದಾನೆ, ನನಗಿನ್ನು ಸಿಗುವುದಿಲ್ಲ ಎಂದು ಆಗ ಗೊತ್ತಾಯಿತು. ಗೊತ್ತಿರಲಿಲ್ಲವೇ ಎಂದರೆ, ಇರಲಿಲ್ಲ. ಅಲ್ಲೇ ಹೊಟ್ಟೆ ಅಡಿಯಾಗಿ ಮಲಗಿ, ಗುಂಡಿಯಲ್ಲಿ ಕೈ ಇಟ್ಟುಕೊಂಡೇ, ಮೂಗು ಬಾಯಿ ಎಲ್ಲ ಸೋರುವ ಹಾಗೆ ಅತ್ತುಬಿಟ್ಟೆ.

ಅತ್ತೆ ನನ್ನ ಬೆರಳು ಬಿಡಿಸಲು ಕೈ ಹಾಕಲಿಲ್ಲ. ಅಳು ನಿಲ್ಲುವ ತನಕ ಪಕ್ಕದಲ್ಲಿ ಕೂತಿದ್ದು, ಸೆರಗಿನಿಂದ ನನ್ನ ಮುಖ ಒರೆಸಿ, "ಏಳು. ನಾಳೆ ಬಪ್ಪೋ" ಎಂದರು.

ಮಂಗಳವಾರ ಹೋದೆವು. ಬುಧವಾರವೂ ಹೋದೆವು. ಗುರುವಾರ ಬೆರಳು ಬಿಚ್ಚಿತು. ಮಣ್ಣು ಎಳೆದು ಮುಚ್ಚಿದ್ದು ಇಬ್ಬರೂ ಸೇರಿ.