ಸಂಗವ್ವನ ಕುಬಸ

ಒಂದು ಕಾಲಕ್ಕೆ ಒಬ್ಬ ರಾಜನಿದ್ದ, ಬೇಡಿದವರಿಗೆಲ್ಲ ವರ ಕೊಡುತ್ತಿದ್ದ ಅಂತ ನಮ್ಮಾಯಿ ಕತಿ ಸುರು ಮಾಡುತ್ತಿದ್ದಳು. ನಮ್ಮೂರು ಮಾಡಗ್ಯಾಳಕ್ಕೂ ಒಬ್ಬ ರಾಜನಿದ್ದ. ಕಿರೀಟ ಇರಲಿಲ್ಲ, ಗಾಂಧಿ ಟೊಪಗಿ ಇತ್ತು. ಹೆಸರು ಶ್ರೀಶೈಲಪ್ಪ. ಬೀಜದ ವ್ಯಾಪಾರಿ, ಸೊಸಾಯ್ಟಿ ಚೇರಮನ್. ಅವನು ಕೊಟ್ಟ ವರ, ಶಿವಣ ಕ್ಲಾಸು, ಅಂದರೆ ಹೊಲಿಗೆಯ ಸಾಲೆ.

ಸರಕಾರದ ಹೊಲಿಗಿ ಮಶೀನು ಅವನ ಅಂಗಡಿಯ ಹಿಂದಿನ ಖೋಲಿಯಲ್ಲಿ ಬಂದು ಕುಂತವು. ಏಳನೇತ್ತೆ ಪಾಸಾದ ಕುರುಬರ ಹುಡುಗಿಯರು ನಾವು, ಅವುಗಳ ಮುಂದೆ ಕುಂತೆವು. ಕುಬಸ ಹೊಲಿಯಲು ಕಲಿಸುತ್ತೇನೆ, ಪರೀಕ್ಷೆಗೆ ಕಳಿಸುತ್ತೇನೆ, ನೌಕರಿ ಕೊಡಿಸುತ್ತೇನೆ ಎಂದಿದ್ದ. ವರ್ಷವಿಡೀ ಹೊಲಿಸಿದ್ದು ತನ್ನ ಬೀಜದ ಅರಿವಿ ಚೀಲ. ಕುಬಸ ಯಾವಾಗ್ರಿ ಎಂದು ಕೇಳಿದರೆ, ಚೀಲ ಅಂದರೆ ತೋಳಿಲ್ಲದ ಕುಬಸವೇ ಅನ್ನುತ್ತಿದ್ದ. ತನ್ನ ಮಾತಿಗೆ ತಾನೇ ನಗುತ್ತಿದ್ದ. ಹೊಟ್ಟೆ ಮೊದಲು ನಗುತ್ತಿತ್ತು, ಮುಖ ಆಮೇಲೆ.

ನನ್ನ ಪಕ್ಕದ ಸಂಗವ್ವ ನಗುತ್ತಿರಲಿಲ್ಲ. ಪರೀಕ್ಷೆ ಪಾಸಾದರೆ ಸಾಂಗಲಿಯ ಹಾಸ್ಟೆಲಿನಲ್ಲಿದ್ದು ಹೊಲಿಗೆ ಕಲಿಸುವ ಅಕ್ಕೋರಾಗಲು ಓದಬಹುದಿತ್ತು. ಇಲ್ಲದಿದ್ದರೆ ದೀಪಾವಳಿ ಮುಗಿದ ಕೂಡಲೇ ಅಪ್ಪ ಅವಳನ್ನು ಕುರಿಯ ಹಿಂದೆ ಕೃಷ್ಣೆಯ ದಂಡಿಗೆ ಒಯ್ಯುವವನಿದ್ದ. ಅವ್ವನ ಹಳೇ ಕುಬಸ ಬಿಚ್ಚಿ, ತಿರುಗಿ ಹೊಲಿದು, ತೋಳು ಕೂಡಿಸುವುದನ್ನು ತಾನೇ ಕಲಿತಿದ್ದಳು.

ಕ್ಲಾಸು ನೋಡಲು ತಾಲೂಕಿನ ಸಾಹೇಬ ಬಂದ. ಅವನೆದುರು ಕುಬಸ ಹೊಲಿದು ಮುಗಿಸಿದವರಿಗಷ್ಟೇ ಪರೀಕ್ಷೆಗೆ ಪರವಾನಗಿ. ಚೀಲಗಳು ಮಂಚದ ಕೆಳಗೆ ಅಡಗಿದವು, ಬಣ್ಣದ ಅರಿವಿ ಹೊರಗೆ ಬಂತು. ಫೋಟೋ ತೆಗೆಯುವ ತನಕ ಮಶೀನು ತುಳಿಯಿರಿ, ಆಮೇಲೆ ಏಳಿರಿ ಎಂದು ಶ್ರೀಶೈಲಪ್ಪ ಮೊದಲೇ ಹೇಳಿದ್ದ. ನಾವು ಪಾಸಾಗಿ ಹೋದರೆ ಅವನ ಚೀಲ ಹೊಲಿಯುವವರು ಯಾರು?

ಫೋಟೋ ಆಯಿತು. ಸಾಹೇಬ ಚುರಮುರಿ ತಿಂದು ಕೈ ಒರೆಸಿಕೊಂಡ. ನಾವು ಎದ್ದೆವು. ಸಂಗವ್ವ ಏಳಲಿಲ್ಲ.

"ಸಾಕ್ ಏಳ ತಂಗಿ, ಸಾಹೇಬ್ರಿಗೆ ಹೊತ್ತಾಗೇತಿ," ಎಂದ ಶ್ರೀಶೈಲಪ್ಪ, ಬೆಲ್ಲ ಕರಗಿಸಿದ ದನಿಯಲ್ಲಿ.

ಅವಳು ತುಳಿಯುತ್ತಲೇ ಇದ್ದಳು. "ಅರ್ಧಾ ಉಣ್ಣೆ ಕತ್ತರಿಸಿದ ಕುರಿನ ನಾವು ಎಬ್ಬಸೂದಿಲ್ರಿ ಚೇರಮನ್ರ. ಅದು ಹಂಗ ಊರಾಗ ಅಡ್ಡಾಡಿದ್ರ ಮಾನಾ ಯಜಮಾನಂದ ಹೋಗತೈತಿ. ಕುಂದ್ರಿ."

ಉಣ್ಣೆ ಕತ್ತರಿಸಲು ಕೆಡವಿದ ಒಂದು ಕುರಿ ನೆಲದ ಮೇಲಿರುವ ತನಕ ಉಳಿದವರೂ ದೊಡ್ಡಿ ಬಿಡುವುದಿಲ್ಲ, ಅದು ನಮ್ಮ ರೀತಿ. ನಾವು ತಿರುಗಿ ಕುಂತೆವು, ಬಾಗಿಲಿಗೆ ಅಡ್ಡವಾಗಿ.

ಸಾಹೇಬ ಬಾಗಿಲು ನೋಡಿದ, ಗಡಿಯಾರ ನೋಡಿದ, ಕುಂತ. ಕುರುಬರ ಹುಡುಗಿಯರಿಗೆ ಬುದ್ಧಿ ಎಲ್ಲಿಂದ ಬರಬೇಕು ಸಾಹೇಬ್ರ ಎಂದು ಶ್ರೀಶೈಲಪ್ಪ ಹಲ್ಲು ಕಿಸಿದ. ಯಾರೂ ಜತೆಗೂಡಲಿಲ್ಲ, ಅವನ ಹೊಟ್ಟೆಯೂ.

ಎಡತೋಳು ಕೂಡಿತು. ಬಲತೋಳು ಸುಕ್ಕಾಯಿತು, ಬಿಚ್ಚಿದಳು, ತಿರುಗಿ ಹೊಲಿದಳು. ಕಡೆಗೆ ಹಲ್ಲಿನಿಂದ ದಾರ ಕಡಿದು, ಕುಬಸವನ್ನು ಸಾಹೇಬನ ತೊಡೆಯ ಮೇಲೆ ಹಾಸಿದಳು.

"ಮುಗೀತ್ರಿ."